ಉದಯ ವಿಲಾಸದ ಕೆಂಪು ನೆಲ

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿರುವ ಉದಯ ವಿಲಾಸ ಹೋಟೆಲಿನ ಮಹಡಿಯನ್ನು ಮುದ್ದಮ್ಮ ಮೂವತ್ತೊಂದು ವರ್ಷ ನೋಡಿಕೊಂಡಿದ್ದಳು. ಕೆಳಗೆ ಕಾಫಿ, ತಿಂಡಿ. ಮೇಲೆ ಒಂಬತ್ತು ರೂಮು. ಕೊಬ್ಬರಿ ಹರಾಜಿಗೆ ಬಂದ ವ್ಯಾಪಾರಿಗಳು, ಬೇಲೂರು ಹಳೇಬೀಡು ನೋಡಿಕೊಂಡು ಬರುವಷ್ಟರಲ್ಲಿ ರೈಲು ತಪ್ಪಿಸಿಕೊಂಡವರು, ಹೆಣ್ಣು ನೋಡಲು ಬಂದವರು ಎಲ್ಲರೂ ಅಲ್ಲಿ ತಂಗಿದವರೇ. ಅವರು ಹೊಗಳುತ್ತಿದ್ದುದು ಕಾಫಿಗಿಂತ ಹೆಚ್ಚಾಗಿ ಮಹಡಿಯ ಕೆಂಪು ಗಾರೆ ನೆಲವನ್ನು. ಹಾರನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಕೊಬ್ಬರಿ ಎಣ್ಣೆ ಸವರಿದ ತೆಂಗಿನ ಮಟ್ಟೆ ಹಿಡಿದು ಮುದ್ದಮ್ಮ ತಿಕ್ಕಿದಳೆಂದರೆ, ಕಿಟಕಿಯ ಸರಳುಗಳನ್ನು ನೆಲದಲ್ಲೇ ನೋಡಿ ಎಣಿಸಬಹುದಿತ್ತು.

ಯಜಮಾನ ಇಂದುಧರ ತೀರಿಕೊಂಡ ಮೇಲೆ ಹೋಟೆಲಿಗೆ ಹನ್ನೊಂದು ವರ್ಷ ಬೀಗ ಬಿತ್ತು. ಕಳೆದ ವರ್ಷ ಅವನ ಮಗಳು ದ್ರಾಕ್ಷಾಯಣಿ ಕಾಲೇಜಿನ ಕೆಲಸದಿಂದ ನಿವೃತ್ತಳಾಗಿ, ಅಪ್ಪನ ಹೋಟೆಲನ್ನು ಹಿಂದೆ ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಲು ಹೊರಟಳು. ತೊಲೆ, ಹೆಂಚು, ಮರದ ಮೆಟ್ಟಿಲು ಎಲ್ಲ ರಿಪೇರಿಯಾದವು. ನೆಲ ಮಾತ್ರ ಕಪ್ಪು ಹಿಡಿದು ಕೂತಿತ್ತು. ಒಡೆದು ಟೈಲ್ಸ್ ಹಾಕೋಣವೆಂದ ಕಂಟ್ರಾಕ್ಟರ್ ಉಮೇಶ್. ದ್ರಾಕ್ಷಾಯಣಿ ಮನಸ್ಸೊಪ್ಪದೆ ಮುದ್ದಮ್ಮನಿಗೆ ಹೇಳಿ ಕಳಿಸಿದಳು.

ಅರವತ್ತೆಂಟರ ಮುದ್ದಮ್ಮ ಬಂದವಳೇ ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ಕೆರೆದು ನೋಡಿದಳು.

"ಇದಕ್ಕೇನೂ ಆಗಿಲ್ಲ ಕಣವ್ವ. ಕೈ ಸೋಕ್ದೆ ಮಂಕಾಗೈತೆ, ಅಷ್ಟೆ. ಎರಡು ತಿಂಗ್ಳು ನನ್ಗೆ ಬುಟ್ಟುಬುಡು."

ದಿನಕ್ಕಿಷ್ಟು ಎಂದು ರೂಮುಗಳು ಕೆಂಪಾಗುತ್ತ ಬಂದವು. ಆರನೇ ರೂಮಿನ ಮಂಚವನ್ನು ಉಮೇಶನ ಆಳುಗಳು ಎಳೆದ ದಿನ, ಅದರಡಿ ಒಂದು ಎಡಗಾಲಿನ ಹೆಜ್ಜೆ ಕಾಣಿಸಿತು. ಐದೂ ಬೆರಳು ಗಾರೆಯಲ್ಲಿ ಅಚ್ಚೊತ್ತಿದ್ದವು.

"ಯಾರದಿದು?" ಎಂದಳು ದ್ರಾಕ್ಷಾಯಣಿ.

ಮುದ್ದಮ್ಮನ ಮುಖ ಬಾಡಿತು. "ನಂದೇ ಕಣವ್ವ. ಸೇರಿದ ಹೊಸದ್ರಲ್ಲಿ. ಮೇಸ್ತ್ರಿ ಇಲ್ಲೊಂದು ತೇಪೆ ಹೊಸ ಗಾರೆ ಹಾಕಿ, ಕೆಲ್ಸ ಮುಗೀತು ಅಂತ ಹೊಂಟೋಗಿದ್ದ. ಮಳೆ ಬಂತು ಅಂತ ಕಿಟಕಿ ಮುಚ್ಚಾಕೆ ಓಡ್ದೆ. ನಿಮ್ಮಪ್ಪಾರು ಕೆಲ್ಸದಿಂದ ತೆಗೀತಾರೆ ಅಂತ, ಒಣಗಿದ್ಮೇಲೆ ಮಂಚ ಎಳೆದು ಮುಚ್ಚಿಟ್ಟೆ."

ಅಲ್ಲಿಂದ ಆ ಮಂಚವನ್ನು ಜರುಗಿಸಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

ದ್ರಾಕ್ಷಾಯಣಿಗೆ ಹಿಗ್ಗು. "ಇದು ಹೀಗೇ ಇರಲಿ ಮುದ್ದಮ್ಮ. ಸುತ್ತ ಹಿತ್ತಾಳೆ ಪಟ್ಟಿ ಹಾಕಿಸ್ತೀನಿ. ಬಂದವರಿಗೆಲ್ಲ ನಿಮ್ಮ ಕಥೆ ಹೇಳ್ತೀನಿ."

ಮುದ್ದಮ್ಮ ಮಟ್ಟೆಯನ್ನು ಮೂಲೆಗಿಟ್ಟು ಮನೆಗೆ ಹೊರಟಳು. ಮರುದಿನ ಕೆಲಸಕ್ಕೂ ಬರಲಿಲ್ಲ. ಮೂರನೆಯ ದಿನ ಬಂದಾಗ ಜೊತೆಯಲ್ಲಿ ಎಂಬತ್ತರ ಹಣ್ಣು ಮುದುಕನಿದ್ದ, ಕೈಯಲ್ಲಿ ಕರಣೆ ಹಿಡಿದು. ಅಂದು ಗಾರೆ ಹಾಕಿದ್ದ ಮೇಸ್ತ್ರಿ ಕರಿಯಯ್ಯ. ಬಿಕ್ಕೋಡಿನಲ್ಲಿ ಮಗಳ ಮನೆಯಲ್ಲಿದ್ದವನನ್ನು ಮೂರು ಬಸ್ಸು ಬದಲಾಯಿಸಿ ಹುಡುಕಿ ತಂದಿದ್ದಳು.

"ನನ್ ಕಥೆ ಯೋಳೋದಾದ್ರೆ ಈ ನೆಲಾನೆಲ್ಲ ತೋರ್ಸವ್ವ," ಎಂದಳು. "ಮೂವತ್ತೊಂದು ವರ್ಸ ಕೈಯಾಗೆ ಮಾಡಿದ್ದ ಬುಟ್ಟು, ಒಂದಿನ ಕಾಲಾಗೆ ಕೆಡಿಸಿದ್ದ ತೋರ್ಸೀಯಾ?"

ದ್ರಾಕ್ಷಾಯಣಿಗೆ ಕಸಿವಿಸಿಯಾಯಿತು. ಹೆಜ್ಜೆಯ ಬಳಿಯಿಂದ ಸರಿದು ಜಾಗ ಬಿಟ್ಟು, "ಮುಚ್ಚಿ, ಕರಿಯಯ್ಯ," ಎಂದಳು.

"ಅವತ್ತೇ ಯೋಳಿದ್ರೆ ಸಂಜೆ ಒಳಗೆ ಮುಚ್ತಿದ್ದೆ ಕಣಮ್ಮಿ," ಎಂದ ಅವನು ಗಾರೆ ಕಲಸುತ್ತ.

"ನಿನ್ ಬಾಯಿಗೆ ಯಾರು ಸಿಗ್ತಾರೆ? ಊರಿಗೆಲ್ಲ ಸಾರ್ತಿದ್ದೆ," ಎಂದಳು ಮುದ್ದಮ್ಮ.

ಮೊದಲ ಸಲ ಬಣ್ಣ ಸುತ್ತಲಿನ ನೆಲಕ್ಕೆ ಹೊಂದದೆ ಇಟ್ಟಿಗೆಯಂತಾಯಿತು. ಕೆರೆದು ಮತ್ತೆ ಹಾಕಿದ. ಅದು ಪೂರ್ತಿ ಗಟ್ಟಿಯಾದ ಮೇಲೆ ಮುದ್ದಮ್ಮ ವಾರವಿಡೀ ಅದೊಂದೇ ಜಾಗ ತಿಕ್ಕಿದಳು.

ದೀಪಾವಳಿಗೆ ಹೋಟೆಲು ತೆರೆಯಿತು. ಈಗ ಮುದ್ದಮ್ಮ ಮಂಗಳವಾರ, ಶುಕ್ರವಾರ ಬಂದು ಹೊಸ ಹೆಂಗಸರಿಬ್ಬರಿಗೆ ಮಟ್ಟೆ ಹಿಡಿಯುವುದನ್ನು ಕಲಿಸುತ್ತಾಳೆ. ಮೊನ್ನೆ ಅತಿಥಿಯೊಬ್ಬರು ನೆಲ ಸವರಿ, ಇದು ಯಾವ ಕಂಪನಿಯ ಪಾಲಿಶ್ ಎಂದು ಕೇಳಿದರು.

"ಯೋಳ್ತೀನಿ ಸ್ವಾಮಿ," ಎಂದಳು ಮುದ್ದಮ್ಮ, "ಮೊದ್ಲು ಆ ಬೂಟು ಹೊರಗೆ ಬುಟ್ಟು ಬನ್ನಿ."