ಕಪಿಲೆಯ ತೊಗಲು, ಎರಡು ಚಾಕು

ದೊಡ್ಡಪ್ಪನ ಬಲಗೈ ಮೇಲೆ ಕರಡಿಯಂತೆ ಕೂದಲು. ಎಡ ಮುಂಗೈ ಮಾತ್ರ ಮಗುವಿನ ಕೆನ್ನೆಯಂತೆ ನುಣುಪು. ಜೇಬಿನ ಮಡಿಸುವ ಚಾಕುವನ್ನು ಕಲ್ಲಿಗೆ ಮಸೆದ ಮೇಲೂ ಅವರಿಗೆ ಸಮಾಧಾನವಿಲ್ಲ. ತೊಗಲಿಗೆ ಇಪ್ಪತ್ತು ಸಲ ತೀಡಿ, ಎಡಗೈ ಕೂದಲು ಬೋಳಿಸಿ ನೋಡಿದ ಮೇಲೆಯೇ ಅದು ಚಾಕು.

ಬ್ಯಾಟರಾಯನಪುರದ ನಮ್ಮ ತೋಟದಲ್ಲಿ ಅವರು ಗುಲಾಬಿಗೆ ಕಸಿ ಕಟ್ಟುತ್ತಿದ್ದರು. ಕಾಡುಗುಲಾಬಿಯ ತೊಗಟೆ ಸೀಳಿ, ಒಳ್ಳೆಯ ಜಾತಿಯ ಚಿಗುರುಗಣ್ಣು ಕೂರಿಸಿ, ಬಾಳೆನಾರು ಸುತ್ತುವ ಕೆಲಸ. ಬಾವಿಗೆ ಕರೆಂಟು ಮೋಟಾರು ಬಂದಾಗ, ಎತ್ತು ಕಟ್ಟಿ ನೀರೆಳೆಯುತ್ತಿದ್ದ ಕಪಿಲೆಯ ತೊಗಲಚೀಲ ಮೂಲೆಗೆ ಬಿತ್ತು. ಅದರಿಂದ ಒಂದು ಪಟ್ಟಿ ಕೊಯ್ದು ಮೋಟಾರು ಮನೆಯ ಬಾಗಿಲಿಗೆ ಮೊಳೆ ಹೊಡೆದಿದ್ದರು. ಊಟಕ್ಕೆ ಸೌತೆಕಾಯಿ ಹೆಚ್ಚಬೇಕೆಂದರೂ ಮೊದಲು ಅಲ್ಲಿಗೆ ಹೋಗಿಬರಬೇಕು. ನಾವು ಎಲೆ ಮುಂದೆ ಕಾಯಬೇಕು.

ನಾನಾಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದವನು.

"ಕಲ್ಲಲ್ಲೇ ಚೂಪಾದ ಮೇಲೆ ತೊಗಲು ಏನ್ ಮಾಡುತ್ತೆ ದೊಡ್ಡಪ್ಪ? ಕಾರಣ ಹೇಳಿ."

"ಚೂಪು ಬೇರೆ, ನಯ ಬೇರೆ ಕಣಪ್ಪ."

"ಅದು ಕಾರಣ ಅಲ್ಲ. ಅದನ್ನೇ ಇನ್ನೊಂದ್ ಥರ ಹೇಳಿದ್ರಿ."

"ಊಂ. ಮತ್ತೊಂದ್ ಥರ ಯೋಳ್ಲಾ?" ಎಂದು ಮತ್ತೆ ತೀಡತೊಡಗುವರು. ಇಂಥವರೊಡನೆ ವಾದಿಸುವುದು ಹೇಗೆ? ಎದುರಾಳಿ ಎದ್ದು ನಿಲ್ಲುವುದೇ ಇಲ್ಲ.

ಕೊನೆಗೆ ಪರೀಕ್ಷೆಗೆ ಒಪ್ಪಿಸಿದೆ. ಯಶವಂತಪುರದ ಸಂತೆಯಿಂದ ಒಂದೇ ಥರದ ಎರಡು ಚಾಕು ತಂದೆ. ಎರಡನ್ನೂ ಕಲ್ಲಿಗೆ ಮಸೆಯುವುದು. ನಾನು ಹಿಡಿಗೆ ದಾರ ಸುತ್ತಿದ್ದನ್ನು ಮಾತ್ರ ತೊಗಲಿಗೆ ಮುಟ್ಟಿಸುವಂತಿಲ್ಲ. ಕೊಯ್ಯುವ ಕೈ ಅವರದೇ. ಒಂದೊಂದಕ್ಕೆ ಹತ್ತು ಗಿಡ. ಎರಡೂ ಕಡೆ ಸಮವಾಗಿ ಚಿಗುರಿದರೆ ಅವರು ತೊಗಲು ಬಿಡಬೇಕು.

ತಿಂಗಳಾದ ಮೇಲೆ ಎಣಿಸಿದೆವು. ಆ ಕಡೆ ಒಂಬತ್ತು, ಈ ಕಡೆ ಒಂಬತ್ತು.

"ಒಪ್ಕೊಳ್ಳಿ."

"ಒಪ್ಕೊಂಡೆ." ಮೊಳೆ ಕಿತ್ತು ಪಟ್ಟಿಯನ್ನು ನನ್ನ ಕೈಗಿಟ್ಟರು. "ಇಂಗೆ ಸುತ್ತಿಡು. ಮಡಚ್ಬೇಡ."

ಆ ಪಟ್ಟಿಯನ್ನು ವೇದಿಕೆಯ ಮೇಲೆ ಎತ್ತಿ ತೋರಿಸಿ, ಹಿರಿಯರ ಕುರುಡು ಅಭ್ಯಾಸಗಳ ವಿರುದ್ಧ ಮಾತಾಡಿ ಮೊದಲ ಬಹುಮಾನ ಗೆದ್ದೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ದೊಡ್ಡಪ್ಪ.

ಹೋದ ವರ್ಷ ಅವರು ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದಾಗ ನೋಡಿದೆ, ಎಡ ಮುಂಗೈ ಇನ್ನೂ ನುಣ್ಣಗಿತ್ತು. ತೊಗಲು ಬಿಟ್ಟು ನಾಲ್ಕು ವರ್ಷವಾಗಿತ್ತು. ಸಾಕ್ಷ್ಯ, ಸಾಕ್ಷ್ಯ ಎನ್ನುತ್ತಿದ್ದ ನಾನು ಕಣ್ಣೆದುರಿನ ಕೈಯನ್ನೇ ನೋಡಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಆ ಕೈಯ ನುಣುಪಿನ ಬಗ್ಗೆ ದೊಡ್ಡಮ್ಮನನ್ನು ಕೇಳಿದೆ.

"ಪಟ್ಟಿ ನಿಂಗೆ ಕೊಟ್ಟ ಮ್ಯಾಕೆ ಅಂಗೈಗೇ ತೀಡ್ತಿದ್ರು ಕಣೋ. ಇದೂ ತೊಗಲೇ ಅಲ್ವಾ ಅನ್ನೋರು."

"ಮತ್ತೆ ಆ ಪರೀಕ್ಷೆ?"

"ಆವತ್ತು ನೀನಿನ್ನೂ ಎದ್ದಿರ್ಲಿಲ್ಲ. ದಾರ ಸುತ್ತಿದ್ ಚಾಕೂನೂ ತೀಡಿ ಇಟ್ರು. ಯಾಕೆ ಅಂದೆ. ಅವನ ವಾದಕ್ಕೋಸ್ಕರ ಗಿಡ ಯಾಕ್ ಸಾಯ್ಬೇಕು ಅಂದ್ರು."

ಎಂಥ ಮನುಷ್ಯ. ಅವರು ಸೋತದ್ದೂ ಸುಳ್ಳು, ನಾನು ಗೆದ್ದದ್ದೂ ಸುಳ್ಳು, ಪ್ರಶ್ನೆ ಎಲ್ಲಿತ್ತೋ ಅಲ್ಲೇ. ಒಮ್ಮೆ ಸರಿಯಾಗಿ ತೀರ್ಮಾನಿಸಿಬಿಡೋಣವೆಂದು ಹೋದ ವಾರ ಅವೇ ಎರಡು ಚಾಕು, ಇಪ್ಪತ್ತು ಗಿಡ ಇಟ್ಟುಕೊಂಡು ಕೂತೆ. ಕಸಿ ಕಟ್ಟುವುದನ್ನು ಕಲಿಸಿದವರೂ ಅವರೇ. ಪಟ್ಟಿಯನ್ನು ತೊಡೆಯ ಮೇಲೆ ಹಾಸಿ ತೀಡಿದ ಚಾಕುವಿನಲ್ಲಿ ಹತ್ತು ಮುಗಿಯಿತು. ದಾರ ಸುತ್ತಿದ್ದನ್ನು ಹನ್ನೊಂದನೆಯ ಗಿಡದ ತೊಗಟೆಗೆ ಇಟ್ಟವನು ಕೊಯ್ಯದೆ ತೆಗೆದೆ. ಆಮೇಲೆ ಎದ್ದು, ಅವರನ್ನು ಬೈದುಕೊಳ್ಳುತ್ತಲೇ, ಪಟ್ಟಿಯನ್ನು ಮೋಟಾರು ಮನೆಯ ಬಾಗಿಲಿಗೆ ಮತ್ತೆ ಮೊಳೆ ಹೊಡೆದೆ.