ಸೂಜಿಯಕ್ಕನ ತಂಗಿಯ ಜ್ವರ

ಹೆರಿಗೆ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಆಕೆಯನ್ನು ಬಸುರಿಯರೆಲ್ಲ ಸೂಜಿಯಕ್ಕ ಎನ್ನುತ್ತಿದ್ದರು. ಕೈ ಹೂವಿನಷ್ಟು ಹಗುರ. ಬಾಯಿ ಮಾತ್ರ, ಅಬ್ಬಬ್ಬಾ! ಬೈಗುಳವಿಲ್ಲದೆ ಒಂದು ಮಾತೂ ಹೊರಬೀಳುತ್ತಿರಲಿಲ್ಲ. ಆ ವರ್ಷ ನಗರದ ಬಸುರಿಯರಲ್ಲಿ ಎಷ್ಟು ಜನರಿಗೆ ಹಿಂದೆ ಡೆಂಗಿ ಸೋಕಿತ್ತೆಂದು ತಿಳಿಯಲು ಡಾಕ್ಟರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. "ಯಾವತ್ತಾದ್ರೂ ಡೆಂಗಿ ಬಂದಿತ್ತೇನಮ್ಮಾ?" ಎಂದರೆ ಎಲ್ಲರದೂ ಒಂದೇ ರಾಗ, "ಅಯ್ಯೋ, ಇಲ್ಲಪ್ಪ!" ರಕ್ತ ನೋಡಿದರೆ ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಆಗದಂತೆ ಬಂದು ಹೋಗಿತ್ತು.

ಅವರಲ್ಲಿ ಸೂಜಿಯಕ್ಕನ ಒಡಹುಟ್ಟಿದ ತಂಗಿಯೂ ಒಬ್ಬಳು, ಏಳು ತಿಂಗಳ ಬಸುರಿ. ಒಮ್ಮೆ ಬಂದು ಹೋಗಿದ್ದರೆ ಇನ್ನು ಬರುವುದೇ ಇಲ್ಲ ಎಂದುಕೊಂಡರು ಆ ಮನೆಯವರು. ಸೊಳ್ಳೆಪರದೆ ಅಟ್ಟ ಸೇರಿತು. ನೀರಿನ ಡ್ರಮ್ಮಿನ ಮುಚ್ಚಳ ಎಲ್ಲಿ ಹೋಯಿತೋ ಯಾರಿಗೂ ಬೇಡ. "ಎರಡನೇ ಸಲ ಬಂದ್ರೆ ಇನ್ನೂ ಜೋರಾಗಬಹುದು ಕಣೇ!" ಎಂದು ಅಕ್ಕ ಬಡಕೊಂಡಿದ್ದೇ ಬಂತು. ಹಿತ್ತಲ ಗಿಡ ಮದ್ದಲ್ಲವಲ್ಲ!

ಒಮ್ಮೆ ತಂಗಿಯ ಫೋನೇ ಇಲ್ಲ. ಅಕ್ಕ ಹೋಗಿ ನೋಡಿದರೆ ಹುಡುಗಿ ಮುಸುಕು ಹೊದ್ದು ಮಲಗಿದ್ದಾಳೆ, ಮೈ ಕಾದ ಹಂಚು.

"ಆಸ್ಪತ್ರೆಗೆ ಯಾಕೆ ಕರ್ಕೊಂಡ್ ಬರ್ಲಿಲ್ಲ?"

"ಬರೀ ನೆಗಡಿ ಜ್ವರ ಕಣಮ್ಮ," ಎಂದರು ತಂಗಿಯ ಅತ್ತೆ. "ಡೆಂಗಿ ಬಂದು ಹೋಗಿದೆ ಅಂತ ನೀವುಗಳೇ ಹೇಳಿದ್ರಲ್ಲ. ಮತ್ತೆ ಯಾಕೆ ಬರುತ್ತೆ?"

"ಕಳ್ಳ ಒಂದ್ಸಲ ಬಂದು ಹೋದ ಅಂತ ಬಾಗಿಲು ತೆಗ್ದಿಟ್ಟು ಮಲಗ್ತೀರೇನ್ರೀ? ಆಟೋ ಕರೀರಿ ಮೊದ್ಲು!"

ದಾರಿಯುದ್ದಕ್ಕೂ ಬೈದಳು. ಅತ್ತೆಯನ್ನು, ತಂಗಿಯ ಗಂಡನನ್ನು, ಡ್ರಮ್ಮನ್ನು, ಸೊಳ್ಳೆಯ ವಂಶವನ್ನು.

ಪರೀಕ್ಷೆಯಲ್ಲಿ ಡೆಂಗಿಯೇ ಎಂದಾಯಿತು. ಪ್ಲೇಟ್‌ಲೆಟ್ ಇಳಿಯುತ್ತಿತ್ತು. ತಾಯಿ ಮಗು ಇಬ್ಬರ ಮೇಲೂ ಕಣ್ಣಿಟ್ಟಿರಬೇಕು, ಏನೂ ಹೇಳಲಾಗದು ಎಂದರು ಡಾಕ್ಟರು. ಡ್ರಿಪ್ ಹಾಕಲು ಸೂಜಿಯಕ್ಕ ತಂಗಿಯ ಕೈ ಹಿಡಿದಳು. ನರ ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿದಳು, ಆಗಲೂ ಇಲ್ಲ. ಬಾಯಿಂದ ಒಂದು ಬೈಗುಳವೂ ಬರಲಿಲ್ಲ.

ತಂಗಿ ಕಣ್ಣು ತೆರೆದಳು. "ಅಕ್ಕಾ, ಯಾಕೆ ಬೈತಿಲ್ಲ? ನಾನು ಉಳಿಯಲ್ವಾ?"

"ಮುಚ್ಚೇ ಬಾಯಿ, ಕತ್ತೆ! ಸೊಳ್ಳೆಗೆ ಹಾಸಿಗೆ ಹಾಸಿಕೊಟ್ಟು ಈಗ ಉಳಿಯಲ್ವಾ ಅಂತೆ! ಮುಷ್ಟಿ ಬಿಗಿ ಹಿಡಿ!" ಎಂದು ಗದರುತ್ತಲೇ ಚುಚ್ಚಿದಳು. ಈ ಸಲ ನರ ಸಿಕ್ಕಿತು.

ಆ ಬೈಗುಳ ನಿಂತದ್ದು ವಾರದ ಮೇಲೆ, ಪ್ಲೇಟ್‌ಲೆಟ್ ಏರಿ, ಮಗುವಿನ ಎದೆಬಡಿತ ಸರಿಯಿದೆ ಎಂದು ಡಾಕ್ಟರು ಹೇಳಿದಾಗ. ಆಗ ಸೂಜಿಯಕ್ಕ ವಾರ್ಡಿನ ಗೋಡೆಗೆ ಮುಖ ಮಾಡಿ ನಿಂತು, ಎಲ್ಲರೆದುರೇ ಗೊಳೋ ಎಂದು ಅತ್ತಳು.