ಪಕ್ಕದ ಹಾಸಿಗೆಯ ಸೂಜಿ

ಮುರಿದದ್ದು ಅದೇ ಸೊಂಟದ ಮೂಳೆ, ಅದೇ ಡಾಕ್ಟರು, ಅದೇ ದಿನ ಆದ ಆಪರೇಷನ್ನು. ಹಾಗಿದ್ದ ಮೇಲೆ ಪಕ್ಕದ ಹಾಸಿಗೆಯ ರಾಧಾಬಾಯಿ ಆರಾಮಾಗಿ ಕಾಫಿ ಹೀರುವುದೆಂದರೇನು, ತಾನು ಹಲ್ಲು ಕಚ್ಚಿ ಬಿದ್ದಿರುವುದೆಂದರೇನು! ಹೊಸಪೇಟೆಯ ಆಸ್ಪತ್ರೆಯ ವಾರ್ಡಿನಲ್ಲಿ ಜಂಬವ್ವನ ಹೊಟ್ಟೆ ಉರಿಯುತ್ತಿತ್ತು.

ಜಂಬವ್ವ ಸಂಡೂರಿನ ಗುಡ್ಡದಲ್ಲಿ ಇಪ್ಪತ್ತೆಂಟು ವರ್ಷ ಅದಿರು ಒಡೆದು, ಜರಡಿ ಹಿಡಿದವಳು. ಅದಿರು ಚೀನಾಕ್ಕೆ ಹೋಗತೊಡಗಿದ ಮೇಲಂತೂ ಲಾರಿಗಳೂ ನಿಲ್ಲುತ್ತಿರಲಿಲ್ಲ, ಅವಳ ಕೈಯೂ ನಿಲ್ಲುತ್ತಿರಲಿಲ್ಲ. ಮೊನ್ನೆ ಅದಿರಿನ ರಾಶಿಯಿಂದ ಜಾರಿ ಬಿದ್ದಳು. ರಾಧಾಬಾಯಿ ಬಿದ್ದದ್ದು ಹಂಪಿಯ ಮನೆಯ ಬಚ್ಚಲಲ್ಲಿ. ಅಷ್ಟೇ ವ್ಯತ್ಯಾಸ.

ಅಲ್ಲ, ಇನ್ನೊಂದಿತ್ತು. ಅರಿವಳಿಕೆ ಕೊಡುವ ಮತ್ತಿನ ಡಾಕ್ಟರು ಬಂದು ರಾಧಾಬಾಯಿಯ ತೊಡೆಸಂದಿಗೆ ಸೂಜಿ ಚುಚ್ಚಿ, ನೋವು ಸಾಗಿಸುವ ನರದ ಸುತ್ತ ಮದ್ದು ಬಿಟ್ಟು ಹೋಗಿದ್ದರು. ಅರ್ಧ ತಾಸಿನಲ್ಲಿ ಆಕೆಯ ನರಳಾಟ ನಿಂತು, ಸೊಸೆ ಶ್ರೀಪ್ರಿಯಾಳ ಜೊತೆ ಹರಟೆ ಶುರುವಾಯಿತು. ಜಂಬವ್ವನ ಹತ್ತಿರ ಆ ಸೂಜಿ ಸುಳಿಯಲೇ ಇಲ್ಲ.

"ದೊಡ್ಡ ಮಂದಿ ಕಾಲಿಗೊಂದು ಮದ್ದು, ನಮ್ಮ ಕಾಲಿಗೊಂದು ಮದ್ದು," ಎಂದು ಗಂಡ ಕಾಳಪ್ಪನಿಗೆ ಪಿಸುಗುಟ್ಟಿದಳು.

ಕಾಳಪ್ಪ ಹೊತ್ತು ಗೊತ್ತಿಲ್ಲದೆ ಸತ್ಯ ಹೇಳುವ ಗಂಡ. "ಹತ್ತಕ್ಕ ಎಷ್ಟು ನೋವು ಅಂತ ನರ್ಸಮ್ಮ ಮೂರು ಸಲ ಕೇಳಿದ್ಲು. ಮೂರು ಸಲಾನೂ ನೀನು ಒಂದು ಅಂದಿ. ಆ ಅವ್ವಾರು ಹತ್ತು ಅಂದ್ರು."

ಅದು ನಿಜವೇ. ನಿಜವಾದ್ದರಿಂದಲೇ ಹೊಟ್ಟೆಕಿಚ್ಚು ಇಮ್ಮಡಿಯಾಯಿತು. ಸಾಲದ್ದಕ್ಕೆ ಆಚೆಯಿಂದ ರಾಧಾಬಾಯಿ, "ನಿಮ್ಮನ್ನ ನೋಡಿದ್ರ ನನಗ ಹೊಟ್ಟಿಕಿಚ್ಚು ಆಗ್ತದ ನೋಡ್ರಿ. ಭಾಳ ಗಟ್ಟಿ ಜೀವ. ಒಂದು ಸಲಾನೂ ಅಯ್ಯೋ ಅನ್ನಲಿಲ್ಲ," ಎಂದಳು. ಜಂಬವ್ವನಿಗೆ ಜನ್ಮದಲ್ಲಿ ಇಂಥ ಹೊಗಳಿಕೆ ಸಿಕ್ಕಿರಲಿಲ್ಲ. ಈಗ ಅಯ್ಯೋ ಎಂದರೆ ಅದೂ ಹೋಯಿತು.

ಸಂಜೆ ನರ್ಸ್ ರೇಣುಕಾದೇವಿ ಬಂದು ಅವಳನ್ನು ಎಬ್ಬಿಸಲು ನೋಡಿದಳು. ಎದ್ದು ಕೂತು ಕೆಮ್ಮದಿದ್ದರೆ ಎದೆಯಲ್ಲಿ ಕಫ ಕಟ್ಟಿ ಜೀವಕ್ಕೇ ಕುತ್ತು ಎಂದು ಬೆಳಗ್ಗೆಯೇ ಗದರಿದ್ದಳು. ಗೇಣುದ್ದ ಏಳುವಷ್ಟರಲ್ಲಿ ಜಂಬವ್ವನಿಗೆ ಕಣ್ಣು ಕತ್ತಲೆಗಟ್ಟಿತು.

"ಖರೇ ಹೇಳವ್ವ. ಎಷ್ಟೈತಿ ನೋವು?"

ರಾಧಾಬಾಯಿ ನೋಡುತ್ತಿದ್ದಳು. ಜಂಬವ್ವ ಗೋಡೆಯ ಕಡೆ ಮುಖ ತಿರುಗಿಸಿ, "ಹತ್ತ್ರಿ," ಎಂದಳು.

"ಮತ್ತ ಇಷ್ಟೊತ್ತು ಯಾಕ ಒಂದು ಅಂದಿ?"

"ನೋವೈತಿ ಅಂದ್ರ ಮೇಸ್ತ್ರಿ ನಾಳಿಂದ ಬರಬ್ಯಾಡ ಅಂತಾನ್ರಿ. ನೀವೂ ಮನೀಗೆ ಕಳಸ್ತೀರೇನೋ ಅಂದ್ಕೊಂಡೆ."

ರೇಣುಕಾದೇವಿ ಬೈಯಲಿಲ್ಲ. ಹೋಗಿ ಮತ್ತಿನ ಡಾಕ್ಟರನ್ನು ಕರೆತಂದಳು. ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ತೊಡೆ ಜೋಮು ಹಿಡಿದು, ನೋವು ಇಳಿಯಿತು. ಜಂಬವ್ವ ಎದ್ದು ಕೂತು ಮನಸಾರೆ ಕೆಮ್ಮಿದಳು.

ಹೊಟ್ಟೆಕಿಚ್ಚು ಮಾತ್ರ ಇಳಿಯಲಿಲ್ಲ. ಆಚೆ ರಾಧಾಬಾಯಿ ದಿಂಬು ಸರಿಯಿಲ್ಲ, ಹೊದಿಕೆ ಸರಿಯಿಲ್ಲ ಎಂದು ಸೊಸೆಗೆ ಒಂದೇ ಸಮನೆ ಹೇಳುತ್ತಿದ್ದಳು, ಸೊಸೆ ಸರಿಪಡಿಸುತ್ತಿದ್ದಳು. ಬೇಕಾದ್ದನ್ನು ಕೇಳುವುದಕ್ಕೆ ಈಕೆಗೆ ಅಂಜಿಕೆಯೇ ಇಲ್ಲವಲ್ಲ! ಜಂಬವ್ವ ಬಹಳ ಹೊತ್ತು ನೋಡಿದಳು.

"ಏನ್ರಿ," ಎಂದಳು ಗಂಡನಿಗೆ. "ನನ್ನ ದಿಂಬು ಒಂಚೂರು ಮ್ಯಾಲಕ ಮಾಡ್ರಿ. ಬೆನ್ನು ನೋಯ್ತೈತಿ."

ಮದುವೆಯಾದ ನಲವತ್ತು ವರ್ಷಗಳಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಕಾಳಪ್ಪ ದಡಬಡ ಎದ್ದು ದಿಂಬಿಗೆ ಕೈ ಹಾಕಿದ. ಯಾವ ಕಡೆ ಹಿಡಿದು ಎತ್ತಬೇಕೆಂದು ತಿಳಿಯದೆ, ಹೆಂಡತಿಯ ಮುಖ ನೋಡುತ್ತ ನಿಂತ.